ಇತಿಹಾಸ ಮತ್ತು ಸಮಾಜ ವಿಜ್ಞಾನದ ಪಠ್ಯಕ್ರಮ: ಮೊದಲು ಪ್ರಶ್ನೆ, ಆಮೇಲೆ ಅಧ್ಯಾಯ

ಸಮಾಜ ವಿಜ್ಞಾನದ ಪಠ್ಯಕ್ರಮ ರಚಿಸಲು ಸೇರುವ ಸಮಿತಿಗಳು ಸಾಮಾನ್ಯವಾಗಿ ಮೊದಲ ಸಭೆಯಲ್ಲೇ ಅಧ್ಯಾಯಗಳ ಪಟ್ಟಿ ಮಾಡಲು ತೊಡಗುತ್ತವೆ. ಒಬ್ಬರು ಒಂದು ಸಾಮ್ರಾಜ್ಯವನ್ನು, ಮತ್ತೊಬ್ಬರು ಒಂದು ಚಳವಳಿಯನ್ನು, ಇನ್ನೊಬ್ಬರು ಒಂದು ಯುದ್ಧವನ್ನು ಸೇರಿಸುತ್ತಾರೆ. ಯಾವುದನ್ನು ಬಿಡಬೇಕೆಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಹೀಗೆ ಬೆಳೆದ ಪಟ್ಟಿಯನ್ನು ಕೊನೆಗೆ ಶಿಕ್ಷಕರು ಓದಿಸಿ ಮುಗಿಸುತ್ತಾರೆಯೇ ಹೊರತು ಕಲಿಸಲಾರರು. ಆದ್ದರಿಂದ ಪಟ್ಟಿಗೆ ಕೈಹಾಕುವ ಮೊದಲು ಅವಧಿಗಳ ಲೆಕ್ಕ ಹಾಕಬೇಕು.

ವಾರಕ್ಕೆ 4 ಅವಧಿಗಳಂತೆ ವರ್ಷಕ್ಕೆ 34 ವಾರ ಪಾಠ ನಡೆಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 136 ಅವಧಿಗಳು ಸಿಗುತ್ತವೆ. ಪರೀಕ್ಷೆ, ಪುನರಾವರ್ತನೆ, ಅನಿರೀಕ್ಷಿತ ರಜೆಗಳಿಗೆ ಐದನೆಯ ಒಂದು ಭಾಗವನ್ನು ತೆಗೆದಿಟ್ಟರೆ ಉಳಿಯುವುದು ಸುಮಾರು 109. ಒಂದು ಘಟಕವನ್ನು ಮಕ್ಕಳು ಚರ್ಚಿಸಿ, ಬರೆದು, ನಕ್ಷೆ ಬಿಡಿಸಿ ಅರಗಿಸಿಕೊಳ್ಳಲು 9 ಅವಧಿಗಳಾದರೂ ಬೇಕು. ಅಂದರೆ ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಎಲ್ಲವೂ ಸೇರಿ ವರ್ಷಕ್ಕೆ 12 ಘಟಕಗಳು ಮಾತ್ರ ಹಿಡಿಸುತ್ತವೆ. ಈ ಸಂಖ್ಯೆಯನ್ನು ಮೊದಲೇ ಮೇಜಿನ ಮೇಲಿಟ್ಟರೆ ಸಭೆಯ ಧಾಟಿಯೇ ಬದಲಾಗುತ್ತದೆ, ಏಕೆಂದರೆ ಹೊಸದಾಗಿ ಒಂದನ್ನು ಸೇರಿಸಬೇಕೆನ್ನುವವರು ಅದಕ್ಕಾಗಿ ಯಾವುದನ್ನು ಕೈಬಿಡಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಅನಂತರ ಪ್ರತಿ ಘಟಕಕ್ಕೂ ಒಂದು ಪ್ರಶ್ನೆಯನ್ನು ರೂಪಿಸಬೇಕು. ಆ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಸಿಗಬಾರದು. ಆದರೆ ತರಗತಿಯಲ್ಲಿ ದೊರೆಯುವ ಆಕರಗಳಿಂದಲೇ ಅದಕ್ಕೆ ಉತ್ತರ ಕಟ್ಟಲು ಸಾಧ್ಯವಿರಬೇಕು. ‘ಕೈಗಾರಿಕಾ ಕ್ರಾಂತಿ’ ಎಂಬ ಶೀರ್ಷಿಕೆಯಡಿ ಯಂತ್ರಗಳನ್ನೂ ಅವುಗಳನ್ನು ಕಂಡುಹಿಡಿದವರನ್ನೂ ಪಟ್ಟಿ ಮಾಡುವುದು ಸುಲಭ. ಅದರ ಬದಲು ‘ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಗೆ ಕಾನೂನು ಮಿತಿ ಹಾಕಿದ್ದೇಕೆ, ಅದೂ 1833ರಲ್ಲೇ ಏಕೆ?’ ಎಂದು ಕೇಳಿದರೆ ಯಂತ್ರವೂ ಬರುತ್ತದೆ, ಕೂಲಿಯೂ ಬರುತ್ತದೆ, ಸಂಸತ್ತೂ ಬರುತ್ತದೆ. 1832ರಲ್ಲಿ ಮೈಕೇಲ್ ಸ್ಯಾಡ್ಲರ್ ಅಧ್ಯಕ್ಷತೆಯ ಸಂಸದೀಯ ಸಮಿತಿ ಕಾರ್ಮಿಕರ ಹೇಳಿಕೆಗಳನ್ನು ದಾಖಲಿಸಿಕೊಂಡಿತು. ಆ ಸಾಕ್ಷ್ಯ ಏಕಪಕ್ಷೀಯವೆಂದು ಗಿರಣಿ ಮಾಲೀಕರು ಆಕ್ಷೇಪಿಸಿದರು. ಮರುವರ್ಷ ಸರ್ಕಾರ ಬೇರೊಂದು ಆಯೋಗವನ್ನು ನೇಮಿಸಿತು. ಅದೇ ವರ್ಷ ಬಂದ ಕಾಯಿದೆಯು ಬಹುತೇಕ ಜವಳಿ ಗಿರಣಿಗಳಲ್ಲಿ 9 ವರ್ಷಕ್ಕಿಂತ ಚಿಕ್ಕ ಮಕ್ಕಳ ದುಡಿಮೆಯನ್ನು ನಿಷೇಧಿಸಿತು ಮತ್ತು ತಪಾಸಣೆಗೆಂದು ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಸಮಿತಿಯ ಮುಂದೆ ಕಾರ್ಮಿಕನೊಬ್ಬ ಕೊಟ್ಟ ಹೇಳಿಕೆ, ಮಾಲೀಕರ ಆಕ್ಷೇಪ, ಕಾಯಿದೆಯ ಒಂದು ಕಲಂ, ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳಿಗೆ ಒಂದು ವಾರದ ಕೆಲಸವಾಗುತ್ತದೆ. ಹೇಳಿದವರು ಯಾರು, ಯಾರ ಮುಂದೆ ಹೇಳಿದರು, ಹೇಳಿದ್ದರಿಂದ ಅವರಿಗೆ ಲಾಭವೇನು, ನಷ್ಟವೇನು, ಬೇರೆ ಆಕರ ಅದನ್ನು ಸಮರ್ಥಿಸುತ್ತದೆಯೇ ಎಂದು ಅವರು ವಿಚಾರಿಸತೊಡಗುತ್ತಾರೆ. ನಾಲ್ಕೇ ಇನ್‌ಸ್ಪೆಕ್ಟರುಗಳು ದೇಶದ ಗಿರಣಿಗಳನ್ನೆಲ್ಲ ನೋಡಿಕೊಳ್ಳಲು ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನು ಜಾಣ ವಿದ್ಯಾರ್ಥಿ ತಾನಾಗಿಯೇ ಕೇಳುತ್ತಾನೆ. ಆಗ ಪೌರನೀತಿಯ ಪಾಠವೂ ಅಲ್ಲೇ ಶುರುವಾಗುತ್ತದೆ.

ಆಕರಗಳನ್ನು ಆಯುವಾಗ ಭಾಷೆಯ ಕಷ್ಟವನ್ನು ಮರೆಯಬಾರದು. ಹಳೆಯ ದಾಖಲೆಯನ್ನು ಇಡಿಯಾಗಿ ಕೊಟ್ಟರೆ ಹದಿಮೂರು ವರ್ಷದ ಮಕ್ಕಳು ಮೊದಲ ಸಾಲಿನಲ್ಲೇ ನಿಲ್ಲುತ್ತಾರೆ. ಒಂದು ಪುಟದೊಳಗಿನ ಭಾಗವನ್ನು ಆಯ್ದು, ಕಠಿಣ ಪದಗಳಿಗೆ ಪಕ್ಕದಲ್ಲೇ ಅರ್ಥ ಕೊಟ್ಟು, ಎಲ್ಲಿ ಸಂಕ್ಷೇಪಿಸಲಾಗಿದೆ ಎಂಬುದನ್ನು ಸ್ಪಷ್ಟವಾಗಿ ಗುರುತಿಸಬೇಕು. ಚಿತ್ರ, ನಾಣ್ಯ, ಶಾಸನ, ಜನಗಣತಿಯ ಕೋಷ್ಟಕ, ಹಿರಿಯರ ಮೌಖಿಕ ನೆನಪು ಎಲ್ಲವೂ ಆಕರಗಳೇ. ಆದರೆ ಪುಟದ ಅಂದಕ್ಕೆಂದು ಹಾಕಿದ, ಯಾವ ಪ್ರಶ್ನೆಗೂ ಒದಗದ ಚಿತ್ರ ಆಕರವಾಗಲಾರದು.

ವಿಸ್ತಾರ ಮತ್ತು ಆಳ ಎರಡೂ ಬೇಕೆನ್ನುವವರಿಗೆ ಇಂಗ್ಲೆಂಡಿನಲ್ಲಿ 1972ರಲ್ಲಿ ಆರಂಭವಾದ, 13ರಿಂದ 16 ವರ್ಷದ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಇತಿಹಾಸ ಯೋಜನೆಯ ವಿನ್ಯಾಸ ಈಗಲೂ ಉಪಯುಕ್ತ. ಅದು ವೈದ್ಯಕೀಯದಂತಹ ಒಂದು ವಿಷಯವನ್ನು ಪ್ರಾಚೀನ ಕಾಲದಿಂದ ಇಂದಿನವರೆಗೆ ಹಿಂಬಾಲಿಸಿತು, ಒಂದು ಚಿಕ್ಕ ಕಾಲಾವಧಿಯನ್ನು ಆಳವಾಗಿ ನೋಡಿತು, ಸಮಕಾಲೀನ ಜಗತ್ತಿನ ಒಂದು ಸಮಸ್ಯೆಯ ಬೇರುಗಳನ್ನು ಹುಡುಕಿತು ಮತ್ತು ಸುತ್ತಮುತ್ತಲಿನ ಅವಶೇಷಗಳನ್ನು ಓದುವುದನ್ನು ಕಲಿಸಿತು. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ತುರುಕಬೇಕಾಗಿಲ್ಲ. ಮೂರು ವರ್ಷಗಳಿಗೆ ಹಂಚಿದರೆ ಸಾಕು.

ತರಗತಿಯಿಂದ ತರಗತಿಗೆ ಏನು ಬೆಳೆಯಬೇಕು ಎಂಬುದು ಬಹುತೇಕ ಪಠ್ಯಕ್ರಮಗಳು ಎಡವುವ ಜಾಗ. ಐದನೆಯ ತರಗತಿಯಲ್ಲಿ ಕಡಿಮೆ ರಾಜರು, ಎಂಟನೆಯದರಲ್ಲಿ ಹೆಚ್ಚು ರಾಜರು ಎಂಬುದು ಬೆಳವಣಿಗೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರಲ್ಲಿ ಮಂಡಿಸಿದ ಸುರುಳಿಯಾಕಾರದ ಪಠ್ಯಕ್ರಮದ ಕಲ್ಪನೆಯಂತೆ, ಅವೇ ಮೂಲ ವಿಚಾರಗಳಿಗೆ ಪ್ರತಿ ಹಂತದಲ್ಲೂ ಹೆಚ್ಚಿನ ಆಳದೊಂದಿಗೆ ಮರಳಬೇಕು. ಉದಾಹರಣೆಗೆ ‘ಕಾರಣ’ ಎಂಬ ಪರಿಕಲ್ಪನೆಯನ್ನು ತೆಗೆದುಕೊಳ್ಳೋಣ. ಚಿಕ್ಕ ತರಗತಿಯಲ್ಲಿ ಮಗು ಒಂದು ಘಟನೆಗೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ ಎಂದು ಗುರುತಿಸಿದರೆ ಸಾಕು. ಮಧ್ಯದ ಹಂತದಲ್ಲಿ ತಕ್ಷಣದ ಕಾರಣವನ್ನು ದೀರ್ಘಕಾಲದ ಕಾರಣದಿಂದ ಬೇರ್ಪಡಿಸಬೇಕು. ಪ್ರೌಢಶಾಲೆಯಲ್ಲಿ ಯಾವ ಕಾರಣ ಹೆಚ್ಚು ನಿರ್ಣಾಯಕವಾಗಿತ್ತೆಂದು ಆಧಾರ ಕೊಟ್ಟು ವಾದಿಸಬೇಕು. ಕಾಲಾನುಕ್ರಮ, ಬದಲಾವಣೆ ಮತ್ತು ನಿರಂತರತೆ, ಆಧಾರ, ಮಹತ್ವ ಇವುಗಳಿಗೂ ಇದೇ ರೀತಿ ಒಂದು ಏರಿಕೆಯ ಕೋಷ್ಟಕವನ್ನು ಬರೆದಿಟ್ಟುಕೊಳ್ಳಬೇಕು. ಕುಟುಂಬ, ಊರು, ದೇಶ, ಜಗತ್ತು ಎಂಬ ಹಳೆಯ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದೇನೂ ಇಲ್ಲ. ಎಂಟು ವರ್ಷದ ಮಗುವಿಗೆ ತನ್ನ ಪಂಚಾಯಿತಿಗಿಂತ ಈಜಿಪ್ಟಿನ ಪಿರಮಿಡ್ಡುಗಳಲ್ಲೇ ಹೆಚ್ಚು ಕುತೂಹಲವಿರಬಹುದು.

ವಿವಾದಾತ್ಮಕ ವಿಷಯಗಳನ್ನು ಬಿಟ್ಟುಬಿಡುವುದು ಸುರಕ್ಷಿತವೆನಿಸಿದರೂ ಮಕ್ಕಳು ಅವನ್ನು ತರಗತಿಯ ಹೊರಗೆ ಕೇಳಿಯೇ ಕೇಳುತ್ತಾರೆ. ಪಶ್ಚಿಮ ಜರ್ಮನಿಯ ರಾಜಕೀಯ ಶಿಕ್ಷಣ ತಜ್ಞರು 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ ನಡೆಸಿದ ಸಮಾಲೋಚನೆಯಿಂದ ಮೂರು ತತ್ತ್ವಗಳು ಹೊಮ್ಮಿದವು: ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಗಳ ಮೇಲೆ ಹೇರಬಾರದು, ವಿದ್ವಾಂಸರಲ್ಲೂ ರಾಜಕೀಯದಲ್ಲೂ ಭಿನ್ನಾಭಿಪ್ರಾಯವಿರುವ ವಿಷಯವನ್ನು ತರಗತಿಯಲ್ಲೂ ಹಾಗೆಯೇ ಮಂಡಿಸಬೇಕು, ರಾಜಕೀಯ ಸನ್ನಿವೇಶವನ್ನೂ ಅದರಲ್ಲಿ ತನ್ನ ಹಿತವನ್ನೂ ವಿದ್ಯಾರ್ಥಿ ತಾನೇ ವಿಶ್ಲೇಷಿಸಲು ಶಕ್ತನಾಗಬೇಕು. ಇದನ್ನು ಶಿಕ್ಷಕರ ಕೈಪಿಡಿಯಲ್ಲಿ ಬರೆದು ಕೊಡುವುದು ಒಳ್ಳೆಯದು, ಪೋಷಕರ ದೂರು ಬಂದಾಗ ಶಿಕ್ಷಕರಿಗೆ ಅದೊಂದು ಆಸರೆ. ಆದರೆ ಎಲ್ಲಕ್ಕೂ ಎರಡು ಮುಖಗಳಿವೆ ಎಂದು ಇದರ ಅರ್ಥವಲ್ಲ. ನಾಜಿಗಳು ಯೆಹೂದ್ಯರ ನರಮೇಧ ನಡೆಸಿದ್ದು ಚರ್ಚೆಯ ವಿಷಯವಲ್ಲ, ಅದು ಹೇಗೆ ಸಾಧ್ಯವಾಯಿತೆಂಬುದು ಚರ್ಚೆಯ ವಿಷಯ.

ಮೌಲ್ಯಮಾಪನವನ್ನು ಕೊನೆಗೆಂದು ಮುಂದೂಡಬಾರದು. ಪ್ರಶ್ನೆಪತ್ರಿಕೆ ಇಸವಿಗಳನ್ನು ಮಾತ್ರ ಕೇಳಿದರೆ ಶಿಕ್ಷಕರು ಇಸವಿಗಳನ್ನೇ ಕಲಿಸುತ್ತಾರೆ, ಪಠ್ಯಕ್ರಮದಲ್ಲಿ ಏನೇ ಬರೆದಿದ್ದರೂ. ಆದ್ದರಿಂದ ಘಟಕದ ಪ್ರಶ್ನೆ ಸಿದ್ಧವಾದೊಡನೆಯೇ ಅದರ ಮಾದರಿ ಪರೀಕ್ಷಾ ಪ್ರಶ್ನೆಯನ್ನೂ ಅಂಕ ನೀಡುವ ಮಾನದಂಡವನ್ನೂ ಬರೆಯಬೇಕು. ವಿದ್ಯಾರ್ಥಿ ಹಿಂದೆ ನೋಡಿರದ ಒಂದು ಚಿಕ್ಕ ಆಕರವನ್ನು ಕೊಟ್ಟು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಕೇಳುವ ಪ್ರಶ್ನೆ ಪ್ರತಿ ಪರೀಕ್ಷೆಯಲ್ಲಿ ಒಂದಾದರೂ ಇರಲಿ. ಇಸವಿಗಳು ಬೇಡವೆಂದಲ್ಲ, ಕಾಲದ ಚೌಕಟ್ಟಿಲ್ಲದೆ ವಾದ ನಿಲ್ಲುವುದಿಲ್ಲವಾದ್ದರಿಂದ ಪ್ರತಿ ಘಟಕಕ್ಕೆ ಐದಾರು ಇಸವಿಗಳನ್ನು ಕಡ್ಡಾಯವಾಗಿ ನೆನಪಿಡುವಂತೆ ಮಾಡಬಹುದು.

ಪಠ್ಯಪುಸ್ತಕದ ಬರವಣಿಗೆ ಇದೆಲ್ಲದರ ನಂತರ ಬರಬೇಕು. ಪೂರ್ಣ ಪುಸ್ತಕ ಅಚ್ಚಾಗುವ ಮೊದಲು ಎರಡು ಮೂರು ಘಟಕಗಳನ್ನಾದರೂ ಪರಸ್ಪರ ಭಿನ್ನವಾದ ಕೆಲವು ಶಾಲೆಗಳಲ್ಲಿ, ಸಮಿತಿಯಲ್ಲಿಲ್ಲದ ಶಿಕ್ಷಕರಿಂದ ಪಾಠ ಮಾಡಿಸಿ ನೋಡಬೇಕು. ಯಾವ ಚಟುವಟಿಕೆಗೆ ಅಂದಾಜಿಗಿಂತ ಹೆಚ್ಚು ಸಮಯ ಹಿಡಿಯಿತು, ಯಾವ ಆಕರ ಅರ್ಥವಾಗಲಿಲ್ಲ, ಯಾವ ಭಾಗವನ್ನು ಶಿಕ್ಷಕರು ಸದ್ದಿಲ್ಲದೆ ಬಿಟ್ಟುಬಿಟ್ಟರು ಎಂಬುದನ್ನು ಬರೆದುಕೊಂಡು, ಮಕ್ಕಳ ಉತ್ತರ ಪತ್ರಿಕೆಗಳೊಂದಿಗೆ ಸಮಿತಿಯ ಮುಂದಿಡಬೇಕು. ಅವಧಿಗಳ ಮೊದಲ ಲೆಕ್ಕವನ್ನು ಈ ಹಂತದಲ್ಲಿ ಬಹುಮಟ್ಟಿಗೆ ತಿದ್ದಬೇಕಾಗುತ್ತದೆ, ಒಂದೆರಡು ಘಟಕಗಳು ಉದುರಿಹೋಗುವುದೂ ಉಂಟು.