ಕೂದಲು ಬಂತು ಅಂತ ಔಷಧಿ ನಿಲ್ಲಿಸಿದ್ದೆ: ನಮ್ಮ ಗುಂಡನ ಹುಳಕಡ್ಡಿ

ಗುಂಡ ತೀರ್ಥಹಳ್ಳಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ಸಿಕ್ಕ ಬೀದಿ ನಾಯಿಮರಿ. ಮನೆಗೆ ಬಂದು ಎರಡು ವಾರಕ್ಕೆ ಕಿವಿ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಉದುರಿತ್ತು. ಕೆರೆದುಕೊಳ್ಳುತ್ತಿರಲಿಲ್ಲ, ಎಲ್ಲೋ ತರಚಿರಬೇಕು ಅಂತ ನಾನೂ ಸುಮ್ನಿದ್ದೆ. ಹತ್ತು ದಿನದಲ್ಲಿ ಮೂತಿ ಮೇಲೊಂದು, ಮುಂಗಾಲಿನ ಮೇಲೊಂದು. ಅಂಚು ಕೆಂಪಗೆ, ನಡುವೆ ಬೂದಿ ಉದುರಿಸಿದ ಹಾಗೆ ಹೊಟ್ಟು.

ಪಕ್ಕದ ಮನೆಯವರು ಸೀಮೆಎಣ್ಣೆ ಹಚ್ಚಿ ಅಂದರು, ಇನ್ನೊಬ್ಬರು ಹಳೇ ಇಂಜಿನ್ ಆಯಿಲ್. ದಯವಿಟ್ಟು ಎರಡೂ ಬೇಡ. ನಾಯಿ ಮೈ ನೆಕ್ಕುತ್ತೆ, ಅದು ಹೊಟ್ಟೆಗೆ ಹೋದರೆ ವಿಷ. ನಾನೇನೂ ಜಾಣ ಅಲ್ಲ ಬಿಡಿ, ಮನೆಯಲ್ಲಿದ್ದ ಮನುಷ್ಯರ ತುರಿಕೆ ಮುಲಾಮು ಹಚ್ಚಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ನಾಲ್ಕು ದಿನ ಕೆಂಪು ಇಳಿಯಿತು, ಆಮೇಲೆ ಮಚ್ಚೆ ದುಪ್ಪಟ್ಟಾಯಿತು.

ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಕತ್ತಲೆಯಲ್ಲಿ ನೇರಳೆ ದೀಪ ಹಿಡಿದು ನೋಡಿದರು. ಮೈಕ್ರೋಸ್ಪೋರಮ್ ಕೇನಿಸ್ ಅನ್ನುವ ಫಂಗಸ್ ಇದ್ದರೆ ಕೂದಲು ಹಸಿರಾಗಿ ಹೊಳೆಯುತ್ತದಂತೆ. ಗುಂಡನದು ಹೊಳೆಯಲಿಲ್ಲ. 'ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಬೇರೆ ಜಾತಿಯದು ಇರಬಹುದು' ಅಂದರು. ಮಚ್ಚೆಯ ಅಂಚಿನಿಂದ ಕೂದಲು ಕಿತ್ತು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸಿಕ್ಕಿತು. ಹೊಸ ಹಲ್ಲುಜ್ಜುವ ಬ್ರಷ್ ಒಂದನ್ನು ಮೈಯೆಲ್ಲಾ ಉಜ್ಜಿ ಕಲ್ಚರಿಗೂ ಕಳಿಸಿದರು, ಅಂದರೆ ಅದರಲ್ಲಿ ಫಂಗಸ್ ಬೆಳೆಯುತ್ತಾ ಅಂತ ಲ್ಯಾಬಿನಲ್ಲಿ ನೋಡೋದು. ಹೆಸರಲ್ಲಿ ಹುಳ ಇದ್ದರೂ ಇದು ಹುಳ ಅಲ್ಲ, ಫಂಗಸ್ ಅಂತ ಗೊತ್ತಾಗಿದ್ದೇ ಅವತ್ತು.

ಲಿವರ್ ಸರಿಯಿದೆಯಾ ಅಂತ ರಕ್ತ ನೋಡಿ ಇಟ್ರಾಕೊನಜೋಲ್ ಅನ್ನುವ ಫಂಗಸ್ ಔಷಧಿ ಕೊಟ್ಟರು, ಅವನ ತೂಕಕ್ಕೆ ತಕ್ಕಷ್ಟು, ಊಟದ ಜೊತೆಗೇ. ವಾರಕ್ಕೆರಡು ಸಲ ಮೈಕೊನಜೋಲ್, ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ. ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು. ಮಲೆನಾಡಿನ ಮಳೆಯಲ್ಲಿ ನಡುಗುವ ಮರಿಯನ್ನು ಹತ್ತು ನಿಮಿಷ ಹಿಡಿದು ಕೂರೋದು ಅಂದರೆ ಒಂದು ಗಂಟೆ ಇದ್ದ ಹಾಗೆ! ಬಚ್ಚಲೊಲೆಗೆ ಬೆಂಕಿ ಹಾಕಿ, ಬಿಸಿನೀರು ಕಾಯಿಸಿ, ಒಲೆ ಪಕ್ಕದಲ್ಲೇ ಕೂತು ಅವನಿಗೆ ಚಪಾತಿ ಚೂರು ತಿನ್ನಿಸುತ್ತಾ ಗಡಿಯಾರ ನೋಡುತ್ತಿದ್ದೆ.

ಮೊದಲ ವಾರ ಔಷಧಿ ನಡೆಯುತ್ತಿದ್ದಾಗಲೇ ಹೊಸ ಮಚ್ಚೆ ಬಂತು. ಗಾಬರಿಯಾಗಿ ಫೋನ್ ಮಾಡಿದರೆ, ಶುರುವಿನಲ್ಲಿ ಹಾಗಾಗೋದುಂಟು, ಮುಂದುವರಿಸಿ ಅಂದರು. ಎರಡನೇ ವಾರ ಹೊಟ್ಟು ಕಳಚಿತು, ಅಂಚು ಮಾಸಿತು. ಮೂರನೇ ವಾರಕ್ಕೆ ತಿರುಪತಿಗೆ ಹೋಗಿ ಬಂದವರ ತಲೆ ಹಾಗೆ ಸಣ್ಣ ಕೂದಲು ಬಂತು. ವಾಸಿಯಾಯಿತು ಅಂದುಕೊಂಡು ನಿಲ್ಲಿಸಿಬಿಟ್ಟೆ. ಹನ್ನೆರಡು ದಿನಕ್ಕೆ ಬಾಲದ ಬುಡದಲ್ಲಿ ಮತ್ತೆ ಮಚ್ಚೆ. ಬೈಸಿಕೊಂಡು ಮತ್ತೆ ಶುರು ಮಾಡಿದೆ. ಮಚ್ಚೆ ಕಾಣದಿದ್ದರೂ ಕೂದಲಲ್ಲಿ ಫಂಗಸ್ ಇರುತ್ತೆ. ಕಲ್ಚರ್ ಹೇಳುವ ತನಕ ಬಿಡುವ ಹಾಗಿಲ್ಲ.

ಅಷ್ಟರಲ್ಲಿ ಅಕ್ಕನ ಮಗನ ತೋಳಿನ ಮೇಲೆ ದುಂಡಗೆ ಒಂದು, ನನ್ನ ಸೊಂಟದ ಮೇಲೊಂದು. ಮನುಷ್ಯರಿಗೂ ಅಂಟುತ್ತೆ, ಮಕ್ಕಳಿಗೆ ಬೇಗ. ನಾವಿಬ್ಬರೂ ಚರ್ಮದ ಡಾಕ್ಟರ ಹತ್ತಿರ ಹೋದೆವು.

ನಿಜವಾದ ಕೆಲಸ ಇದ್ದಿದ್ದು ಮನೆಯಲ್ಲಿ. ಉದುರಿದ ಕೂದಲಲ್ಲಿ ಇದರ ಬೀಜ ವರ್ಷಕ್ಕೂ ಹೆಚ್ಚು ಉಳಿಯಬಹುದಂತೆ. ಗುಂಡನಿಗೆ ರೆಡಾಕ್ಸೈಡ್ ನೆಲದ ಹಿಂದಿನ ಕೋಣೆ ಕೊಟ್ಟೆವು, ಚಾಪೆ ಸುಟ್ಟೆವು, ಹಳೇ ಸೀರೆ ಹಾಸಿ ಬೇರೆಯಾಗಿ ಒಗೆದೆವು. ದಿನಾ ಕೂದಲು ಬಳಿದು, ಸೋಪುನೀರಲ್ಲಿ ಒರೆಸಿ ತೊಳೆದು, ಆಮೇಲೆ ತೆಳು ಮಾಡಿದ ಬ್ಲೀಚ್. ನೆಲ ಒಣಗುವ ತನಕ ಅವನು ಹೊರಗೆ. ಕೂದಲು ತೆಗೆಯದೆ ಬ್ಲೀಚ್ ಹಾಕಿದರೆ ಸುಮ್ನೆ ವಾಸನೆ ಅಷ್ಟೇ.

ಒಟ್ಟು ಹತ್ತು ವಾರ ಹಿಡಿಯಿತು. ಎರಡನೇ ಕಲ್ಚರೂ ನೆಗೆಟಿವ್ ಬಂದ ದಿನ ಗುಂಡನನ್ನು ಜಗಲಿಗೆ ಬಿಟ್ಟೆವು. ಅಮ್ಮ ಮಾತ್ರ ಈಗಲೂ ಅವನು ಹತ್ತಿರ ಬಂದರೆ ಮೊದಲು ಕಿವಿ ಹಿಂದೆ ಕೈಯಾಡಿಸಿ ನೋಡುತ್ತಾರೆ, ಅವನು ಅದನ್ನು ಮುದ್ದು ಅಂದುಕೊಂಡಿದ್ದಾನೆ.