ಒಳಪದರ 12 ಮಿ.ಮೀ.: ಯಾವ ದಿನ, ಯಾವ ಸ್ಕ್ಯಾನ್?

ಸ್ಕ್ಯಾನಿಂಗ್ ವರದಿ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಒಂದೇ ಸಾಲಿಗೆ: ‘ಎಂಡೊಮೆಟ್ರಿಯಮ್ 12 ಮಿ.ಮೀ.’ ಗರ್ಭಕೋಶದ ಒಳಪದರದ ದಪ್ಪ ಅದು. ಹೆಚ್ಚೋ ಕಡಿಮೆಯೋ ಎಂದು ಬರಿಯ ಅಂಕಿ ನೋಡಿ ಹೇಳಲಾಗದು.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಮುಟ್ಟಿನ ದಿನಗಳಲ್ಲಿ 1ರಿಂದ 4 ಮಿ.ಮೀ. ಇರುವ ಪದರ, ಮುಂದಿನ ಮುಟ್ಟು ಹತ್ತಿರವಾದಾಗ 16 ಮಿ.ಮೀ. ಮುಟ್ಟಿದರೂ ಸಹಜವೇ. ಹಾಗಾಗಿ ಆ ತಿಂಗಳ ಮುಟ್ಟು ಮುಗಿದ ಬೆನ್ನಿಗೇ, ಪದರ ತೆಳುವಾಗಿದ್ದಾಗ ಮಾಡಿಸಿದ ಸ್ಕ್ಯಾನ್ ಹೆಚ್ಚು ನಂಬಿಕೆಗೆ ಅರ್ಹ. ವಿಪರೀತ ರಕ್ತ ಹೋಗುತ್ತಿದ್ದರೆ ಮಾತ್ರ ದಿನ ಎಣಿಸುತ್ತ ಕೂರಬೇಡಿ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ಗೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೋಗಬೇಕು. ದೊಡ್ಡ ನಾರುಗಡ್ಡೆ, ಅಂಡಾಶಯದ ಗಡ್ಡೆ ಇದರಲ್ಲಿ ಚೆನ್ನಾಗಿಯೇ ಕಾಣುತ್ತವೆ. ಒಳಪದರದ ಸೂಕ್ಷ್ಮ ಇದಕ್ಕೆ ದಕ್ಕುವುದು ಕಷ್ಟ, ಬೊಜ್ಜು ಇದ್ದರಂತೂ ಚಿತ್ರ ಮಸುಕು.

ಅದಕ್ಕೆ ಯೋನಿಯ ಮೂಲಕ ಮಾಡುವ ಟಿ.ವಿ.ಎಸ್. ಬೇಕು. ಇದಕ್ಕೆ ಮೂತ್ರ ಮಾಡಿ ಬರಬೇಕು. ತೆಳುವಾದ ಸಾಧನ ಗರ್ಭಕೋಶದ ಹತ್ತಿರಕ್ಕೇ ಹೋಗುವುದರಿಂದ ಚಿತ್ರ ಸ್ಪಷ್ಟ. ಪದರ ಅತಿ ದಪ್ಪವಿರುವ ಜಾಗದಲ್ಲಿ ಎರಡು ಗುರುತು ಇಟ್ಟು, ಮುಂದಿನ ಮತ್ತು ಹಿಂದಿನ ಪದರವನ್ನು ಒಟ್ಟಿಗೇ ಅಳೆಯುತ್ತಾರೆ. ನಡುವೆ ದ್ರವ ನಿಂತಿದ್ದರೆ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನ ಸ್ಕ್ಯಾನ್‌ ಮಾಡುತ್ತಾರೆ. ಟಿ.ವಿ.ಎಸ್. ಬೇಡವೆನಿಸಿದರೆ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಟಿ.ವಿ.ಎಸ್. ಕೂಡ ಎಡವುವ ಒಂದು ಜಾಗವಿದೆ. ಗರ್ಭಕೋಶದ ಒಳಗೋಡೆಗಳು ಖಾಲಿ ಚೀಲದ ಮಗ್ಗುಲುಗಳಂತೆ ಅಂಟಿಕೊಂಡಿರುತ್ತವೆ. ದಪ್ಪ ಕಂಡದ್ದು ಇಡೀ ಪದರವೋ, ನಡುವೆ ಅವಿತ ಪಾಲಿಪ್ಪೋ (ಪದರದಿಂದ ಹೊರಚಾಚಿದ ಸಣ್ಣ ಗಡ್ಡೆ) ತಿಳಿಯದು. ಆಗ ಸಣ್ಣ ನಳಿಕೆಯಿಂದ ಕೆಲವೇ ಮಿ.ಲೀ. ಸಲೈನ್ ಬಿಟ್ಟು ನೋಡುತ್ತಾರೆ. ಗೋಡೆಗಳು ಬೇರ್ಪಡುತ್ತವೆ, ಪರದೆಯ ಮೇಲೆ ನೀರು ಕಪ್ಪಾಗಿ ಕಾಣುತ್ತದೆ, ಪಾಲಿಪ್ ಇದ್ದರೆ ತೊಟ್ಟು ಹಿಡಿದ ಹಣ್ಣಿನಂತೆ ಅದರೊಳಗೆ ತೂಗುತ್ತದೆ. ಮುಟ್ಟಿನ ನೋವಿನಂಥ ಸೆಳೆತ ಸ್ವಲ್ಪ ಹೊತ್ತು ಇರಬಹುದು. ಗರ್ಭಿಣಿಯರಿಗೆ, ಕಿಬ್ಬೊಟ್ಟೆಯ ಸೋಂಕು ಇರುವವರಿಗೆ ಇದನ್ನು ಮಾಡುವುದಿಲ್ಲ. ನನ್ನ ಮಟ್ಟಿಗೆ, ಪಾಲಿಪ್ ಅನುಮಾನಕ್ಕೆ ಸಾದಾ ಸ್ಕ್ಯಾನನ್ನೇ ಮೂರು ಬಾರಿ ಮಾಡಿಸುವುದಕ್ಕಿಂತ ಇದು ಮೇಲು.

ಡಾಪ್ಲರ್ ಎಂಬ ಸ್ಕ್ಯಾನ್ ರಕ್ತದ ಹರಿವು ತೋರಿಸುತ್ತದೆ. ಒಂದೇ ರಕ್ತನಾಳ ಒಳಹೊಕ್ಕಂತೆ ಕಂಡರೆ ಪಾಲಿಪ್ ಎಂಬ ಅನುಮಾನ ಬಲವಾಗುತ್ತದೆ. 3ಡಿ ಸ್ಕ್ಯಾನ್ ಗರ್ಭಕೋಶದ ಆಕಾರ ನೋಡಲು ಒಳ್ಳೆಯದು. ಎಲ್ಲರಿಗೂ ಇವು ಬೇಕಿಲ್ಲ.

ಮುಟ್ಟು ನಿಂತು ವರ್ಷ ಕಳೆದವರ ಲೆಕ್ಕ ಬೇರೆ. ರಕ್ತ ಕಂಡು ಟಿ.ವಿ.ಎಸ್.ನಲ್ಲಿ ಪದರ 4 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಸಾಧ್ಯತೆ ತೀರಾ ಕಡಿಮೆ. ಹೆಚ್ಚಿದ್ದರೆ ಬಯಾಪ್ಸಿಯೇ (ಪದರದ ಚೂರು ತೆಗೆದು ಮಾಡುವ ಪರೀಕ್ಷೆ) ಹೇಳಬೇಕು, ಯಾವ ಸ್ಕ್ಯಾನೂ ಕ್ಯಾನ್ಸರನ್ನು ಖಚಿತಪಡಿಸದು. ಪದರ ತೆಳುವಿದ್ದೂ ರಕ್ತ ಮತ್ತೆ ಮತ್ತೆ ಕಂಡರೆ ವೈದ್ಯರ ಬಳಿಗೆ ಮರಳಿ ಹೋಗಿ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಸ್ಕ್ಯಾನಿಗೆ ಮೊದಲೇ ಹೇಳಿಬಿಡಿ, ಆ ಮಾತ್ರೆಯಿಂದಲೂ ಪದರ ದಪ್ಪವಾಗಿ ಕಾಣುತ್ತದೆ.