ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಮನೆ ಮಾಡುವ ಮುನ್ನ

ನಾವು ಮನೆ ನೋಡಿದ್ದು ಮೇ ತಿಂಗಳ ಒಂದು ಶನಿವಾರ. ಬಿಸಿಲು ಚೆನ್ನಾಗಿತ್ತು, ಕಿಟಕಿ ತೆಗೆದರೆ ಸಮುದ್ರ. ಹೆಂಡತಿ ಉಡುಪಿಯವಳು, ಅವಳಿಗೆ ಅಷ್ಟೇ ಸಾಕಾಯ್ತು. ನವೆಂಬರಿನಲ್ಲಿ ಏನೋ ಹುಡುಕಲು ಬೀರು ಸರಿಸಿದೆವು. ಹಿಂದಿನ ಗೋಡೆಯೆಲ್ಲ ಕಪ್ಪು, ಬೂಷ್ಟು ಹಿಡಿದಿತ್ತು. ಬೀರುವಿನ ತಳದಲ್ಲಿಟ್ಟಿದ್ದ ಮೈಸೂರು ರೇಷ್ಮೆ ಸೀರೆಯ ಮಡಿಕೆಗಳ ಮೇಲೂ ಸಾಸಿವೆ ಕಾಳಿನಷ್ಟು ದೊಡ್ಡ ಚುಕ್ಕೆಗಳು. ಏಜೆಂಟರಿಗೆ ಫೋನ್ ಮಾಡಿದರೆ, "ಕಿಟಕಿ ತೆಗೆದಿಡಿ" ಅಂದರು. ಹೊರಗೆ 5 ಡಿಗ್ರಿ ಚಳಿ, ಮನೆಯೇ ಹಾರಿಹೋಗುವಂಥ ಗಾಳಿ!

ಈಗ ಸೌತಾಂಪ್ಟನ್ ಹತ್ತಿರ ಇದ್ದೇವೆ. ಮನೆಯಿಂದ ಸಮುದ್ರ ಕಾಣುವುದಿಲ್ಲ. ಈ ಕಡೆ ಕೆಲಸ ಸಿಕ್ಕಿ ಬರುವ ನಮ್ಮವರು ಆಗಾಗ ಫೋನ್ ಮಾಡಿ, "ಬ್ರೈಟನ್ ಚೆನ್ನಾಗಿದೆಯಾ, ಬೋರ್ನ್‌ಮತ್ ಚೆನ್ನಾಗಿದೆಯಾ?" ಎಂದು ಕೇಳುತ್ತಾರೆ. ಊರುಗಳೆಲ್ಲ ಚೆನ್ನಾಗಿಯೇ ಇವೆ. ನೀವು ಕೇಳಬೇಕಾದ್ದು ಬೇರೆ. ರೈಲು ಎಲ್ಲಿಗೆ ಹೋಗುತ್ತದೆ? ಶಾಲೆಯಲ್ಲಿ ಸೀಟು ಯಾವ ಲೆಕ್ಕದಲ್ಲಿ ಕೊಡುತ್ತಾರೆ? ಕೌನ್ಸಿಲ್ (ಸ್ಥಳೀಯ ಆಡಳಿತ) ಯಾವುದು? ಸಮುದ್ರ ಆಮೇಲೆ.

ರೈಲೆಲ್ಲ ಲಂಡನ್ ಕಡೆಗೇ

ನಮಗೆ ಕರಾವಳಿ ಅಂದರೆ ಉದ್ದಕ್ಕೆ ಓಡಾಡುವ ಜಾಗ. ಮಂಗಳೂರಿನಿಂದ ಕಾರವಾರದ ತನಕ ಒಂದೇ ಹೆದ್ದಾರಿ, ಪಕ್ಕದಲ್ಲೇ ಕೊಂಕಣ ರೈಲು. ಇಲ್ಲಿ ಹಾಗಲ್ಲ. ವೇಗದ ರೈಲುಗಳೆಲ್ಲ ಬೀಸಣಿಗೆಯ ಕಡ್ಡಿಗಳಂತೆ ಲಂಡನ್ ಕಡೆಗೆ ಹೋಗುತ್ತವೆ. ಕರಾವಳಿಗುಂಟ ಹೋಗುವ ರೈಲು ಊರೂರಲ್ಲಿ ನಿಂತು ನಿಂತು ಹೋಗುತ್ತದೆ. ಬ್ರೈಟನ್‌ನಿಂದ ಸೌತಾಂಪ್ಟನ್‌ಗೆ ಸುಮಾರು 100 ಕಿ.ಮೀ., ರೈಲಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ರಸ್ತೆಯಲ್ಲಿ ಹೋಗೋಣವೆಂದರೆ ಎ27 ರಸ್ತೆ ವರ್ದಿಂಗ್ ಮತ್ತು ಚಿಚೆಸ್ಟರ್ ಹತ್ತಿರ ದಿನಾ ಜಾಮ್. ಎಂ27 ಮೋಟಾರುದಾರಿ ಇರುವುದು ಪೋರ್ಟ್ಸ್‌ಮತ್‌ನಿಂದ ಪಶ್ಚಿಮಕ್ಕೆ ಮಾತ್ರ.

ನಾವು ಇದೇ ತಪ್ಪು ಮಾಡಿದ್ದು. ನನಗೆ ವಾರಕ್ಕೆ ಎರಡು ದಿನ ಲಂಡನ್ ಆಫೀಸು, ಅವಳಿಗೆ ಸೌತಾಂಪ್ಟನ್‌ನಲ್ಲಿ ಆಸ್ಪತ್ರೆ ಕೆಲಸ. ನಕ್ಷೆ ನೋಡಿ ಇಬ್ಬರಿಗೂ ನಡುವೆ ಇರಲಿ ಅಂತ ವರ್ದಿಂಗ್ ಪಕ್ಕ ಮನೆ ಹಿಡಿದೆವು. ಅವಳು ಮನೆ ಬಿಟ್ಟು ವಾರ್ಡಿನಲ್ಲಿ ನಿಲ್ಲುವಷ್ಟರಲ್ಲಿ ಎರಡು ಗಂಟೆ ಆಗುತ್ತಿತ್ತು.

ಲಂಡನ್‌ಗೆ ಹೋಗಿಬರಬೇಕಾದವರಿಗೆ ಲೆಕ್ಕ ಹೀಗಿದೆ. ಬ್ರೈಟನ್‌ನಿಂದ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ. ಥೇಮ್ಸ್‌ಲಿಂಕ್ ರೈಲು ಹತ್ತಿದರೆ ಲಂಡನ್ ಬ್ರಿಜ್, ಸೇಂಟ್ ಪ್ಯಾಂಕ್ರಸ್ ನಿಲ್ದಾಣಗಳ ತನಕ ಬದಲಿಸದೆ ಹೋಗಬಹುದು. ಸೌತಾಂಪ್ಟನ್‌ನಿಂದ ಲಂಡನ್ನಿನ ವಾಟರ್‌ಲೂ ನಿಲ್ದಾಣಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ, ಬೋರ್ನ್‌ಮತ್‌ನಿಂದ ಎರಡು ಗಂಟೆ. ಕೆಂಟ್‌ನ ಫೋಕ್‌ಸ್ಟನ್‌ಗೆ 2009ರಲ್ಲಿ ಹೈಸ್ಪೀಡ್ ರೈಲು ಬಂತು, ಅಲ್ಲಿಂದ ಒಂದು ಗಂಟೆಯೊಳಗೆ ಸೇಂಟ್ ಪ್ಯಾಂಕ್ರಸ್. ಹೇಸ್ಟಿಂಗ್ಸ್ ನಕ್ಷೆಯಲ್ಲಿ ಲಂಡನ್‌ಗೆ ಹತ್ತಿರ, ರೈಲಿನಲ್ಲಿ ದೂರ. ಅಲ್ಲಿ ಮನೆ ಅಗ್ಗ ಇರುವುದಕ್ಕೆ ಅದೂ ಒಂದು ಕಾರಣ. ವಾರಕ್ಕೆ ಎರಡೇ ದಿನ ಆಫೀಸಿದ್ದರೆ ಫ್ಲೆಕ್ಸಿ ಸೀಸನ್ ಟಿಕೆಟ್ ನೋಡಿ. 28 ದಿನಗಳಲ್ಲಿ ಯಾವುದಾದರೂ 8 ದಿನ ಓಡಾಡಬಹುದು.

ಇನ್ನೂ ಪಶ್ಚಿಮಕ್ಕೆ, ಡೆವನ್ ಕಡೆ ಹೋಗುವವರು ಡಾಲಿಷ್ ಹೆಸರು ಕೇಳಿರಲಿ. 2014ರ ಫೆಬ್ರವರಿಯಲ್ಲಿ ಅಲೆ ಹೊಡೆದು ಅಲ್ಲಿ ಹಳಿಯ ಕೆಳಗಿನ ಗೋಡೆ ಕೊಚ್ಚಿಹೋಯ್ತು. ಪ್ಲಿಮತ್ ಕಡೆಯ ರೈಲು ಎರಡು ತಿಂಗಳು ನಿಂತಿತ್ತು.

ಡಾಕ್ಟರುಗಳಿಗೆ ಒಂದು ಮಾತು. ಟ್ರೈನಿಂಗ್ ಹುದ್ದೆ ಸಿಕ್ಕವರು ಆಸ್ಪತ್ರೆ ನೋಡಿ ಮನೆ ಹಿಡಿಯಬೇಡಿ, ಡೀನರಿ ನೋಡಿ. ಡೀನರಿ ಅಂದರೆ ಡಾಕ್ಟರುಗಳ ತರಬೇತಿ ನೋಡಿಕೊಳ್ಳುವ ವಲಯ, ಅದರೊಳಗಿನ ಯಾವ ಆಸ್ಪತ್ರೆಗೂ ಹಾಕಬಹುದು. ವೆಸೆಕ್ಸ್ ಡೀನರಿ ಆದರೆ ಸೌತಾಂಪ್ಟನ್, ಪೋರ್ಟ್ಸ್‌ಮತ್, ವಿಂಚೆಸ್ಟರ್, ಬೋರ್ನ್‌ಮತ್, ಹಡಗು ಹತ್ತಿ ಐಲ್ ಆಫ್ ವೈಟ್ ಕೂಡ ಬರಬಹುದು. ಬ್ರೈಟನ್ ಸೇರುವುದು ಕೆಂಟ್, ಸರ್ರಿ, ಸಸೆಕ್ಸ್ ಗುಂಪಿಗೆ. ವೆಸೆಕ್ಸ್‌ನವರಿಗೆ ಸೌತಾಂಪ್ಟನ್ ಅಥವಾ ಈಸ್ಟ್‌ಲೀ ನಡುಮಧ್ಯದಲ್ಲಿದೆ, ಎಲ್ಲಿ ಹಾಕಿದರೂ ನಿಭಾಯಿಸಬಹುದು.

ಶಾಲೆ ಇದ್ದರೆ ಮೊದಲು ಶಾಲೆ

ಇಲ್ಲಿ ಸರ್ಕಾರಿ ಶಾಲೆ ಉಚಿತ. ಹೆಚ್ಚಿನವರು ಅಲ್ಲಿಗೇ ಕಳಿಸುತ್ತಾರೆ. ಡೊನೇಷನ್ ಇಲ್ಲ, ಶಿಫಾರಸು ನಡೆಯುವುದಿಲ್ಲ. ನಡೆಯುವುದು ವಿಳಾಸ. ಅದೂ ಊರಿಂದೂರಿಗೆ ಬೇರೆ ಬೇರೆ.

ಬ್ರೈಟನ್‌ನಲ್ಲಿ ಹೈಸ್ಕೂಲಿಗೆ ಕ್ಯಾಚ್‌ಮೆಂಟ್ ಪ್ರದೇಶಗಳಿವೆ, ಅಂದರೆ ಯಾವ ಬಡಾವಣೆಗೆ ಯಾವ ಶಾಲೆಗಳು ಅನ್ನುವ ವಿಂಗಡಣೆ. ಸೀಟಿಗಿಂತ ಮಕ್ಕಳು ಜಾಸ್ತಿ ಆದರೆ ಲಾಟರಿ. 2008ರಿಂದ ಅಲ್ಲಿ ಇದೇ ಪದ್ಧತಿ. ಶಾಲೆಯ ಗೇಟಿನ ಎದುರೇ ದುಬಾರಿ ಬಾಡಿಗೆ ಕೊಟ್ಟು ಇದ್ದರೂ ಅದೇ ಶಾಲೆ ಸಿಗುತ್ತದೆ ಅಂತಿಲ್ಲ. ಬೋರ್ನ್‌ಮತ್, ಪೂಲ್, ಮತ್ತು ಕೆಂಟ್‌ನ ಊರುಗಳಲ್ಲಿ ಗ್ರಾಮರ್ ಶಾಲೆಗಳಿವೆ. ಪರೀಕ್ಷೆ ಬರೆದು ಸೇರಬೇಕು. ನಮ್ಮ ಅಪ್ಪ ಅಮ್ಮಂದಿರಿಗೆ ಈ ಹೆಸರು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಪರೀಕ್ಷೆ ಇರುವುದು ಆರನೇ ತರಗತಿ (ಇಯರ್ 6) ಶುರುವಾಗುವ ಸೆಪ್ಟೆಂಬರಿನ ಹೊತ್ತಿಗೆ, ಹೆಸರು ನೋಂದಾಯಿಸುವುದು ಅದಕ್ಕೂ ಮುಂಚೆ. ಅಕ್ಟೋಬರಿನಲ್ಲಿ ವಿಮಾನ ಇಳಿದವರಿಗೆ ಬಸ್ಸು ತಪ್ಪಿತು ಅಂತಲೇ ಲೆಕ್ಕ. ಸೌತಾಂಪ್ಟನ್, ಪೋರ್ಟ್ಸ್‌ಮತ್, ಹ್ಯಾಂಪ್‌ಶೈರ್‌ನಲ್ಲಿ ಸರ್ಕಾರಿ ಗ್ರಾಮರ್ ಶಾಲೆಯೇ ಇಲ್ಲ. ಅಲ್ಲಿ ಹೆಚ್ಚಿನ ಶಾಲೆಗಳು 16 ವರ್ಷಕ್ಕೆ ಮುಗಿಯುತ್ತವೆ, ಆಮೇಲೆ ಪ್ರತ್ಯೇಕ ಕಾಲೇಜು, ನಮ್ಮ ಪಿಯುಸಿ ಹಾಗೆ. ವಿಂಚೆಸ್ಟರ್‌ನ ಪೀಟರ್ ಸೈಮಂಡ್ಸ್, ಈಸ್ಟ್‌ಲೀಯ ಬಾರ್ಟನ್ ಪೆವರಿಲ್ ಹೆಸರು ಎಲ್ಲರ ಬಾಯಲ್ಲಿ ಕೇಳುತ್ತೀರಿ.

ಸೆಪ್ಟೆಂಬರಿಗೆ ಸೇರಿಸಲು ಅರ್ಜಿಯ ಕೊನೆ ದಿನ ಹೈಸ್ಕೂಲಿಗೆ ಹಿಂದಿನ ವರ್ಷದ ಅಕ್ಟೋಬರ್ 31, ಪ್ರೈಮರಿಗೆ ಜನವರಿ 15. ವರ್ಷದ ನಡುವೆ ಬಂದರೆ "ಇನ್-ಇಯರ್" ಅರ್ಜಿ ಹಾಕಿ, ಖಾಲಿ ಇದ್ದ ಕಡೆ ಸಿಗುತ್ತದೆ. ಅರ್ಜಿ ಕೊಡುವುದು ಶಾಲೆಯ ಊರಿನ ಕೌನ್ಸಿಲ್‌ಗಲ್ಲ, ನೀವು ವಾಸವಿರುವ ಕಡೆಯ ಕೌನ್ಸಿಲ್‌ಗೆ. ಇನ್-ಇಯರ್‌ನಲ್ಲಿ ಮಾತ್ರ ಕೆಲವು ಕಡೆ ನೇರ ಶಾಲೆಗೇ ಕೊಡಬೇಕು. ಗಡಿ ಎಲ್ಲಿದೆ ಅಂತ ರಸ್ತೆಯಲ್ಲಿ ನಡೆದರೆ ಗೊತ್ತಾಗುವುದಿಲ್ಲ. ಈಸ್ಟ್‌ಲೀ, ಟಾಟನ್ ಎರಡೂ ಸೌತಾಂಪ್ಟನ್‌ಗೆ ಅಂಟಿಕೊಂಡೇ ಇವೆ, ಅಲ್ಲಿಯ ಶಾಲೆ ನೋಡುವುದು ಮಾತ್ರ ಹ್ಯಾಂಪ್‌ಶೈರ್ ಕೌಂಟಿ.

ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ವೀಸಾ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿಯದು ತಮಾಷೆ ಅನ್ನಿಸಬಹುದು. ಮನೆ ಹಿಡಿದಿಡಲು ಒಂದು ವಾರದ ಬಾಡಿಗೆ, ಡಿಪಾಸಿಟ್ ಐದು ವಾರದ್ದು, ಅಷ್ಟೇ ಮಿತಿ. ವರ್ಷದ ಬಾಡಿಗೆ 50,000 ಪೌಂಡ್ ದಾಟಿದರೆ ಮಾತ್ರ ಆರು ವಾರ. ಮನೆ ಮಾಲೀಕರು ಡಿಪಾಸಿಟ್ ಅನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮ್‌ನಲ್ಲಿ ಇಟ್ಟು ನಿಮಗೆ ಕಾಗದ ಕೊಡಬೇಕು. ಮೊದಲೆಲ್ಲ ಹೊಸದಾಗಿ ಬಂದವರ ಹತ್ತಿರ ಆರು ತಿಂಗಳ ಬಾಡಿಗೆ ಒಟ್ಟಿಗೆ ಕೇಳುತ್ತಿದ್ದರು. ನಾವೂ ಕೊಟ್ಟೆವು. 2026ರ ಮೇ 1ರಿಂದ ಜಾರಿಯ ಹೊಸ ಕಾನೂನಿನ ಪ್ರಕಾರ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ.

ಬಾಡಿಗೆಯಲ್ಲದೆ ಕೌನ್ಸಿಲ್‌ಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಬೇರೆ ಬರುತ್ತದೆ. ಹೊಸಬರು ಮರೆಯುವುದು ಇದನ್ನೇ. ಎ ಯಿಂದ ಎಚ್ ತನಕ ಬ್ಯಾಂಡ್‌ಗಳಿವೆ. 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆ ಬ್ಯಾಂಡ್. ಹೌದು, ನೀವು ಹುಟ್ಟುವ ಮೊದಲಿನ ಬೆಲೆಯೂ ಇರಬಹುದು. ಒಂದೇ ಬಾಡಿಗೆಯ ಎರಡು ಮನೆಗಳಿಗೆ ಬೇರೆ ಬೇರೆ ಟ್ಯಾಕ್ಸ್ ಬರುವುದು ಹೀಗೆ. ಒಬ್ಬರೇ ಇದ್ದರೆ 25% ಕಡಿತ ಇದೆ. ವೀಸಾದ ಮೇಲೆ "ಸಾರ್ವಜನಿಕ ನಿಧಿ ಇಲ್ಲ" (ಅಂದರೆ ಸರ್ಕಾರದ ಸಹಾಯಧನ ಪಡೆಯುವಂತಿಲ್ಲ) ಎಂದಿದ್ದರೂ ಇದನ್ನು ಪಡೆಯಬಹುದು. ಆದಾಯ ಕಡಿಮೆ ಎಂದು ಕೊಡುವ ಇನ್ನೊಂದು ರಿಯಾಯಿತಿ ಇದೆಯಲ್ಲ, ಅದಕ್ಕೆ ಅರ್ಜಿ ಹಾಕಬೇಡಿ. ಅದು ಸಾರ್ವಜನಿಕ ನಿಧಿಯ ಲೆಕ್ಕಕ್ಕೆ ಬರುತ್ತದೆ.

ಸ್ಕಿಲ್ಡ್ ವರ್ಕರ್ ವೀಸಾದವರು ಮನೆ ಬದಲಿಸಿದರೆ ಇ-ವೀಸಾ ಖಾತೆಯಲ್ಲಿ ವಿಳಾಸ ಬದಲಿಸಿ. ಲಂಡನ್ ಕೆಲಸ ಇಟ್ಟುಕೊಂಡು ಸಮುದ್ರದ ಪಕ್ಕ ಕೂತು ಲ್ಯಾಪ್‌ಟಾಪ್ ಕುಟ್ಟೋಣ ಅನ್ನುವವರು ಮೊದಲು ಎಚ್.ಆರ್.ಗೆ ಹೇಳಿ. ಕೆಲಸದ ಜಾಗ ಬದಲಾದರೆ ಸ್ಪಾನ್ಸರ್ ಕಂಪನಿ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ತಿಳಿಸಬೇಕು.

ಇನ್ನು ಊರುಗಳು

ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳಿರುವ, ಇಬ್ಬರೂ ದುಡಿಯುವ ಕುಟುಂಬಕ್ಕೆ ಸೌತಾಂಪ್ಟನ್ ಸುತ್ತಮುತ್ತ ಸರಿ. ದೊಡ್ಡ ಆಸ್ಪತ್ರೆ, ಬಂದರು, ಎರಡು ಯೂನಿವರ್ಸಿಟಿ, ಹರ್ಸ್‌ಲಿಯಲ್ಲಿ ಐಬಿಎಂ. ವೇದಿಕ್ ಸೊಸೈಟಿ ದೇವಸ್ಥಾನ ಇದೆ, ಕರಿಬೇವು ಸಿಗುತ್ತದೆ. ನೋಡಲು ಅಂಥ ಚೆಂದದ ಊರೇನಲ್ಲ, ಬೀಚೂ ಹೇಳಿಕೊಳ್ಳುವಂಥದ್ದಲ್ಲ. ಪೋರ್ಟ್ಸ್‌ಮತ್ ನಗರದ ಬಹುಭಾಗ ಪೋರ್ಟ್‌ಸಿ ಅನ್ನುವ ದ್ವೀಪದ ಮೇಲಿದೆ. ಹೊರಗೆ ಬರಲು ಮೂರೇ ರಸ್ತೆ. ಸಾಲುಮನೆಗಳ ಮುಂದೆ ಕಾರು ನಿಲ್ಲಿಸಲು ಜಾಗ ಸಿಗದೆ ಸಂಜೆ ಬೀದಿ ಸುತ್ತುತ್ತಾರೆ. ಬೋರ್ನ್‌ಮತ್‌ನಲ್ಲಿ ಮೈಲಿಗಟ್ಟಲೆ ಮರಳು ಇದೆ, ಜೆಪಿ ಮಾರ್ಗನ್ ಬ್ಯಾಂಕಿನ ದೊಡ್ಡ ಆಫೀಸೂ ಇದೆ. ಆ ಕೆಲಸ ಬಿಟ್ಟರೆ ಇನ್ನೊಂದು ಹುಡುಕುವುದು ಕಷ್ಟ.

ಬ್ರೈಟನ್ ಒಂಟಿ ಹುಡುಗ ಹುಡುಗಿಯರಿಗೆ, ಹೊಸ ಜೋಡಿಗಳಿಗೆ ಖುಷಿಯ ಊರು. ಬಾಡಿಗೆ ದುಬಾರಿ. ಕೆಲವು ಹೊಸ ಕಟ್ಟಡಗಳು "ಕಾರ್-ಫ್ರೀ", ಅಲ್ಲಿರುವವರಿಗೆ ರಸ್ತೆ ಪಾರ್ಕಿಂಗ್ ಪರ್ಮಿಟ್ ಸಿಗುವುದಿಲ್ಲ. ಸಹಿ ಹಾಕುವ ಮುಂಚೆ ಕೇಳಿ. ಗ್ಯಾಟ್ವಿಕ್ ವಿಮಾನ ನಿಲ್ದಾಣ ರೈಲಿನಲ್ಲಿ ಅರ್ಧ ಗಂಟೆ. ಬೀಚಿನಲ್ಲಿ ಮರಳಿಲ್ಲ, ಉರುಟು ಕಲ್ಲು. ಮಲ್ಪೆ ನೋಡಿ ಬೆಳೆದ ನನ್ನ ಮಾವ ಅಲ್ಲಿ ಚಪ್ಪಲಿ ಬಿಚ್ಚಿ ನಾಲ್ಕು ಹೆಜ್ಜೆ ಇಟ್ಟು, "ಇದೆಂಥ ಕಡಲು ಮಾರಾಯ, ಜಲ್ಲಿ ಹಾಕಿ ಟಾರು ಹಾಕಲು ಮರೆತಿದ್ದಾರೆ" ಅಂದರು. ವರ್ದಿಂಗ್, ಈಸ್ಟ್‌ಬರ್ನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿವೃತ್ತರ ಊರುಗಳು, ಶಾಂತವಾಗಿವೆ.

ಊರು ಗೊತ್ತಾದ ಮೇಲೆ ಮನೆ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪ್ರವಾಹದ ಅಪಾಯ ಎಷ್ಟಿದೆ ಅಂತ ತೋರಿಸುತ್ತದೆ. ಬಾಡಿಗೆಗೆ ಕೊಡುವ ಮನೆಗೆ ಇಪಿಸಿ ಅನ್ನುವ ಪತ್ರ ಇರುತ್ತದೆ, ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕು ಅನ್ನುವುದಕ್ಕೆ ಎ ಯಿಂದ ಜಿ ತನಕ ದರ್ಜೆ, ಎ ಎಲ್ಲಕ್ಕಿಂತ ಒಳ್ಳೆಯದು. ಬಾಡಿಗೆಗೆ ಕೊಡಲು ಕನಿಷ್ಠ ಇ ಇರಬೇಕು. ನಾನು ಸಿ ಗಿಂತ ಕೆಳಗಿನದನ್ನು ನೋಡಲೂ ಹೋಗುವುದಿಲ್ಲ. ಸಮುದ್ರಕ್ಕೆ ಮುಖ ಮಾಡಿದ ಹಳೇ ಮನೆಗಳಿಗೆ ನೈಋತ್ಯದ ಗಾಳಿಮಳೆ ನೇರ ಹೊಡೆಯುತ್ತದೆ. ಒಳಗೆ ನಾವು ದಿನಾ ಕುಕ್ಕರ್ ಕೂಗಿಸುತ್ತೇವೆ, ಬಟ್ಟೆಯನ್ನೂ ಒಳಗೇ ಒಣಗಿಸುತ್ತೇವೆ. ಬೂಷ್ಟು ಬರದೆ ಇನ್ನೇನು?

ಸಾಧ್ಯವಾದರೆ ಚಳಿಗಾಲದ ಒಂದು ಮಂಗಳವಾರ, ನಾಲ್ಕು ಗಂಟೆಗೆ ಕತ್ತಲಾಗುವ ಹೊತ್ತಿಗೆ ಹೋಗಿ ನೋಡಿ. ಒಂದೆರಡು ತಿಂಗಳ ತಾತ್ಕಾಲಿಕ ವಸತಿ ಹಿಡಿದು ಆಮೇಲೆ ಮನೆ ಹುಡುಕಿದರೆ ಇನ್ನೂ ಒಳ್ಳೆಯದು. ಮನೆಯೊಳಗೆ ಹೋದ ಮೇಲೆ ಕಿಟಕಿ ಕಡೆ ಓಡಬೇಡಿ. ಬೀರುವಿನ ಬಾಗಿಲು ತೆಗೆದು ಒಳಗೆ ಮೂಗು ಹಾಕಿ. ಏಜೆಂಟ್ ನಕ್ಕರೆ ನಗಲಿ.